ಸರ್ಕಾರಿ ಕಚೇರಿಗಳ ವೆಬ್‌ಸೈಟ್ ಕೆಲಸ ಹಿಡಿಯುವುದು ಹೇಗೆ?

ಪ್ರಶ್ನೆ: ಪುಣೆಯ ಚಿಂಚವಡದಲ್ಲಿ ನಾವು ಮೂವರು ಸೇರಿ ವೆಬ್‌ಸೈಟ್ ಮಾಡಿಕೊಡುತ್ತೇವೆ. ಸರ್ಕಾರಿ ಕಚೇರಿಗಳ 'ಅಧಿಕೃತ ವೆಂಡರ್' ಆಗಲು ಎಲ್ಲಿ ಅರ್ಜಿ ಹಾಕಬೇಕು? 15 ಸಾವಿರ ಕೊಟ್ಟರೆ ಮಾಡಿಸಿಕೊಡುತ್ತೇನೆ ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ.

ಉತ್ತರ: ಆ ದುಡ್ಡು ಕೊಡಬೇಡಿ. ಎಲ್ಲ ಕಚೇರಿಗಳಿಗೂ ನಡೆಯುವ ಒಂದೇ ಅಧಿಕೃತ ಪಟ್ಟಿ ಇಲ್ಲ. ಕೇಂದ್ರದ ಕಚೇರಿಗಳ ಹೆಚ್ಚಿನ ಖರೀದಿ ಸರ್ಕಾರದ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್‌ನಲ್ಲಿ ನಡೆಯುತ್ತದೆ. ಮಹಾರಾಷ್ಟ್ರದ ಇಲಾಖೆ, ಪಾಲಿಕೆಗಳ ಟೆಂಡರ್‌ಗಳಿಗೆ ರಾಜ್ಯದ ಇ-ಟೆಂಡರ್ ತಾಣವಾದ ಮಹಾಟೆಂಡರ್ಸ್ ನೋಡಬೇಕು. ಕೆಲವು ನಿಗಮಗಳು ತಮ್ಮದೇ ಪ್ಯಾನೆಲ್ (ಆಯ್ದ ಸಂಸ್ಥೆಗಳ ಪಟ್ಟಿ) ಮಾಡಿಕೊಳ್ಳುತ್ತವೆ, ಅದಕ್ಕೂ ಪ್ರಕಟಣೆ ಬಂದೇ ಬರುತ್ತದೆ.

ಮೊದಲು ಉದ್ಯಮ್, ಅಂದರೆ ಸಣ್ಣ ಉದ್ದಿಮೆಗಳ ನೋಂದಣಿ. ಸರ್ಕಾರಿ ತಾಣದಲ್ಲಿ ಪೂರ್ತಿ ಉಚಿತ. ಶುಲ್ಕ ಕೇಳುವ ತಾಣಗಳು ಖಾಸಗಿಯವು. ಚಟುವಟಿಕೆಯಲ್ಲಿ 'ಸೇವೆ' ಆರಿಸಿ. 'ವ್ಯಾಪಾರ' ಎಂದು ಹಾಕಿದರೆ ಕೇಂದ್ರದ ಟೆಂಡರ್‌ಗಳಲ್ಲಿ ಸಣ್ಣ ಉದ್ದಿಮೆಗಳಿಗಿರುವ ಇಎಂಡಿ (ಟೆಂಡರ್ ಜೊತೆ ಇಡುವ ಠೇವಣಿ) ವಿನಾಯಿತಿ ಸಿಗುವುದಿಲ್ಲ. ಪ್ಯಾನ್, ಜಿಎಸ್‌ಟಿ, ಬ್ಯಾಂಕ್ ಖಾತೆ ಮೂರರಲ್ಲೂ ಸಂಸ್ಥೆಯ ಹೆಸರು ಅಕ್ಷರಶಃ ಒಂದೇ ಇರಲಿ. ಜೆಮ್‌ನ ಬಿಡ್ (ಟೆಂಡರ್) ಪ್ರಕಟಣೆಗಳಲ್ಲಿ ಅನುಭವ, ಟರ್ನ್‌ಓವರ್ (ವಾರ್ಷಿಕ ವಹಿವಾಟು) ವಿನಾಯಿತಿಗೆ 'ಯೆಸ್' ಇದೆಯೋ 'ನೋ' ಇದೆಯೋ ಎಂಬುದನ್ನೇ ಮೊದಲು ನೋಡಿ. 'ನೋ' ಇದ್ದು, ಕೇಳಿದಷ್ಟು ಅನುಭವ, ಟರ್ನ್‌ಓವರ್ ನಿಮಗಿಲ್ಲದಿದ್ದರೆ ಮುಂದೆ ಓದಿ ಫಲವಿಲ್ಲ.

ಮಹಾಟೆಂಡರ್ಸ್‌ಗೆ ಕ್ಲಾಸ್ 3 ಡಿಜಿಟಲ್ ಸಹಿ ಬೇಕು. ಹೊಸಬರು ಎಡವುವುದು ಬಿಒಕ್ಯೂ, ಅಂದರೆ ದರ ತುಂಬುವ ಹಾಳೆಯಲ್ಲಿ. ಇಳಿಸಿಕೊಂಡ ಎಕ್ಸೆಲ್ ಕಡತದ ಹೆಸರು ಬದಲಿಸಬೇಡಿ, ಸಾಲು ಸೇರಿಸಬೇಡಿ. ಬಿಟ್ಟಿರುವ ಖಾನೆಗಳಲ್ಲಷ್ಟೇ ದರ ತುಂಬಿ. ಎಲ್ಲ ಅಪ್‌ಲೋಡ್ ಆದ ಮೇಲೆ 'ಫ್ರೀಜ್ ಬಿಡ್' ಒತ್ತದಿದ್ದರೆ ಬಿಡ್ ಸಲ್ಲಿಕೆಯಾದಂತಲ್ಲ. ಗಡುವಿಗೆ ನಿಮ್ಮ ಗಡಿಯಾರವಲ್ಲ, ಪೋರ್ಟಲ್‌ನ ಸರ್ವರ್ ಸಮಯವೇ ಲೆಕ್ಕ.

ಇನ್ನು ದರ. ಇಲ್ಲಿಯೇ ಸಣ್ಣ ಸಂಸ್ಥೆಗಳು ಕೈ ಸುಟ್ಟುಕೊಳ್ಳುವುದು. ಸರ್ಕಾರಿ ತಾಣ ಹೋಸ್ಟ್ ಆಗುವ ಮೊದಲು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಮಾನ್ಯತೆಯ ಸಂಸ್ಥೆಯಿಂದ ಭದ್ರತಾ ಆಡಿಟ್ ಆಗಬೇಕು. ಮೊದಲ ಸುತ್ತಿನಲ್ಲಿ ದೋಷಗಳ ಪಟ್ಟಿ ಬರುತ್ತದೆ: ಹಳೆಯ ಆವೃತ್ತಿಯ ಜೆಕ್ವೆರಿ ಕೋಡ್, ಅಪ್‌ಡೇಟ್ ಆಗದ ವರ್ಡ್‌ಪ್ರೆಸ್ ಪ್ಲಗಿನ್, ಯಾವ ಕಡತ ಕೊಟ್ಟರೂ ನುಂಗುವ ಅಪ್‌ಲೋಡ್ ಫಾರ್ಮ್. ಸರಿಪಡಿಸಿ ಮರುಆಡಿಟ್ ಆದ ಮೇಲೇ ಪ್ರಮಾಣಪತ್ರ. ಈ ಖರ್ಚು ಯಾರದು ಎಂದು ಟೆಂಡರ್‌ನಲ್ಲಿ ಬರೆದಿಲ್ಲವೇ? ಬಿಡ್ ಹಾಕುವ ಮೊದಲಿನ ಪ್ರಶ್ನೋತ್ತರ ಸಭೆಗೆ (ಪ್ರೀ-ಬಿಡ್) ಲಿಖಿತವಾಗಿ ಕೇಳಿ. ಬಾಯಿಮಾತಿಗೆ ಬೆಲೆಯಿಲ್ಲ.

ಸರ್ಕಾರಿ ವೆಬ್‌ಸೈಟ್‌ಗಳಿಗಿರುವ 2023ರ ಜಿಐಜಿಡಬ್ಲ್ಯು 3.0 ಮಾರ್ಗಸೂಚಿಯನ್ನೂ ಪಾಲಿಸಬೇಕು. ದೃಷ್ಟಿಹೀನರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೆ (ಸ್ಕ್ರೀನ್ ರೀಡರ್) ಪುಟ ಓದಲು ಬರಬೇಕು ಎಂಬುದು ಅದರ ಮುಖ್ಯ ಷರತ್ತುಗಳಲ್ಲೊಂದು. ಕಚೇರಿಯವರೋ ಆ ತಂತ್ರಾಂಶ ಓದಲಾಗದ, ಸ್ಕ್ಯಾನ್ ಮಾಡಿದ ಮರಾಠಿ ಆದೇಶಗಳ ರಾಶಿಯನ್ನೇ ಕೊಡುತ್ತಾರೆ! ಅವುಗಳನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿಸುವ ಖರ್ಚನ್ನು ಪುಟದ ಲೆಕ್ಕದಲ್ಲಿ ದರಕ್ಕೆ ಸೇರಿಸಿ. ಗವ್ ಡಾಟ್ ಇನ್ ಡೊಮೇನ್‌ಗೆ ಕಚೇರಿಯೇ ಅರ್ಜಿ ಹಾಕಬೇಕು, ನೀವು ಹಾಕುವಂತಿಲ್ಲ. ಆ ಅರ್ಜಿ ತಡವಾದರೆ ನಿಮ್ಮ ಮೇಲೆ ದಂಡ ಬೀಳದಂತೆ ಇಮೇಲ್‌ನಲ್ಲಿ ಆಗಾಗ ನೆನಪಿಸಿ, ದಾಖಲೆ ಇಟ್ಟುಕೊಳ್ಳಿ.

ಗುತ್ತಿಗೆ ಮೊತ್ತ 2.5 ಲಕ್ಷ ದಾಟಿದರೆ ಕಚೇರಿ ನಿಮ್ಮ ಬಿಲ್‌ನಿಂದಲೇ 2% ಜಿಎಸ್‌ಟಿ ಟಿಡಿಎಸ್ (ಮೂಲದಲ್ಲೇ ಕಡಿತ) ಮುರಿದುಕೊಳ್ಳುತ್ತದೆ. ಅದು ನಿಮ್ಮ ಜಿಎಸ್‌ಟಿ ನಗದು ಲೆಡ್ಜರ್‌ಗೆ ಬರುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನೀವು ಒಪ್ಪಿಕೊಂಡರೆ ಮಾತ್ರ.