ದವಡೆಯ ‘ಆಂಗಲ್’ ಎಷ್ಟು ಡಿಗ್ರಿ?

ಪ್ರಶ್ನೆ: ಅಂಗರಚನಾಶಾಸ್ತ್ರದ ಪಾಠದಲ್ಲಿ ದವಡೆಗೂ ಹೆಗಲಿನ ಮೂಳೆಗೂ ‘ಆಂಗಲ್’ ಇದೆಯೆನ್ನುತ್ತಾರೆ, ಎಷ್ಟು ಡಿಗ್ರಿ ಎಂದು ಹೇಳುವುದಿಲ್ಲವೇಕೆ?
— ನರ್ಸಿಂಗ್ ವಿದ್ಯಾರ್ಥಿನಿ, ಬಾಗಲಕೋಟೆ

ಉತ್ತರ: ಇದರ ಮೂಲವಾದ ಲ್ಯಾಟಿನ್ನಿನ ‘ಆಂಗ್ಯುಲಸ್’ ಪದಕ್ಕೆ ಮೂಲೆ ಎಂಬ ಅರ್ಥವೂ ಇರುವುದರಿಂದ, ದವಡೆಯ ಆಂಗಲ್ ಎಂದರೆ ಕಿವಿಯ ಕೆಳಗೆ ಬೆರಳಿಗೆ ಸಿಗುವ ತಿರುವಿನ ಜಾಗವೇ ಹೊರತು ಅಳತೆಯಲ್ಲ, ಕನ್ನಡದಲ್ಲಿ ‘ಕೋನ’ದ ಬದಲು ‘ಮೂಲೆ’ ಎಂದಿದ್ದರೆ ಈ ಗೊಂದಲವೇ ಹುಟ್ಟುತ್ತಿರಲಿಲ್ಲವೆಂದು ನನ್ನ ಅನಿಸಿಕೆ. ಎದೆಮೂಳೆಯ ಮೇಲ್ಭಾಗದಲ್ಲಿ ಅಡ್ಡ ಉಬ್ಬಾಗಿ ತಗಲುವ ಇಂಥದೇ ಒಂದು ಆಂಗಲ್‌ನ ಪಕ್ಕಕ್ಕೆ 2ನೆಯ ಪಕ್ಕೆಲುಬು ಬಂದು ಸೇರುತ್ತದೆಯಾದ್ದರಿಂದ, 1ನೆಯದು ಕೊರಳೆಲುಬಿನ ಮರೆಯಲ್ಲಿ ಸುಲಭವಾಗಿ ಕೈಗೆ ಸಿಗದಿದ್ದರೂ, ವೈದ್ಯರು ಅಲ್ಲಿಂದಲೇ ಪಕ್ಕೆಲುಬುಗಳ ಎಣಿಕೆ ಹಿಡಿಯುತ್ತಾರೆ. ಹಾಗೆಂದು ಅಳೆಯುವ ಕೋನಗಳು ಇಲ್ಲವೆಂದಲ್ಲ: ತೊಡೆಮೂಳೆಯ ಕತ್ತು ಅದರ ದಂಡದೊಡನೆ ಮಾಡುವ ಕೋನ ವಯಸ್ಕರಲ್ಲಿ ಸುಮಾರು 125 ಡಿಗ್ರಿ.