ಅಜ್ಜಿಯ ಬದುಕು ಬರೆಯೋಕೆ ಹುಟ್ಟಿದ ಇಸವಿಯಿಂದಲೇ ಶುರು ಮಾಡಬೇಕಾ?

ತೊಂಬತ್ತು ದಾಟಿದ ನಿಮ್ಮಜ್ಜಿ ತೀರಿಕೊಂಡಿದ್ದಾರೆ, ವರ್ಷದ ತಿಥಿಯೊಳಗೆ ಅವರ ಬದುಕನ್ನು ಹುಟ್ಟಿನಿಂದ ಕೊನೆಯವರೆಗೆ ಕ್ರಮವಾಗಿ ಪುಸ್ತಕ ಮಾಡಬೇಕು, ಆದರೆ ಹುಟ್ಟಿದ ಇಸವಿಯೇ ಸಿಗುತ್ತಿಲ್ಲ ಅಂತ ಕೇಳಿದ್ದೀರಿ. ನಮ್ಮದು ಚಿಂತಾಮಣಿ ಕಡೆ, ರೇಷ್ಮೆ ಹುಳು ಸಾಕುವ ಮನೆ. ನಮ್ಮಜ್ಜಿ ಹೋದಾಗ ನಮ್ಮಲ್ಲೂ ಇದೇ ಆಸೆ, ಇದೇ ಅವಸರ ಇತ್ತು.

ನಮ್ಮಜ್ಜಿ ಎರಡು ಮಾತು ಯಾವಾಗಲೂ ಹೇಳೋರು. ಒಂದು, "ನಾನು ಧಾತು ಸಂವತ್ಸರದ ಮಾಘದಲ್ಲಿ ಹುಟ್ಟಿದೋಳು." ಇನ್ನೊಂದು ಧಾತು ಬರದ ಕಥೆ. ಕೆರೆ ಬತ್ತಿ, ಮನೆಯ ಕೊನೆಯ ಹಿಡಿ ರಾಗಿಯೂ ಮುಗಿದ ಮೇಲೆ ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ಗಂಜಿ ಹಾಕುವ ಜಾಗ ಹುಡುಕುತ್ತಾ ನಡೆದ ಹೆಂಗಸಿನ ಕಥೆ. ಎರಡೂ ಧಾತು ಅಂತ ಮನೆಯಲ್ಲಿ ಎರಡನ್ನೂ ಸೇರಿಸಿಬಿಟ್ಟರು. ವರ್ಷದ ತಿಥಿಗೆ ಹಂಚಿದ ಪುಸ್ತಿಕೆಯ ಮೊದಲ ಸಾಲೇ, ಅಜ್ಜಿ ಧಾತು ಬರದಲ್ಲಿ ತಾಯಿಯ ಸೊಂಟದ ಮೇಲೆ ಕೂತು ಬದುಕುಳಿದ ಕೂಸು ಅಂತ.

ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಧಾತು, ಅದರ ಮುಂದಿನ ಈಶ್ವರ, ಈ ಎರಡು ಸಂವತ್ಸರದ ಬರ ಬಿದ್ದದ್ದು 1876ರಿಂದ 78ರವರೆಗೆ. ಅಜ್ಜಿ ಹುಟ್ಟಿದ್ದು ಅದರ ಮುಂದಿನ ಧಾತುವಿನಲ್ಲಿ. ಅಂದರೆ ಆ ನಡೆದ ಹೆಂಗಸು ಅಜ್ಜಿಯ ತಾಯಿಯಾಗಿರಲು ಸಾಧ್ಯವೇ ಇಲ್ಲ. ಪುಸ್ತಿಕೆ ಓದಿಸಿಕೊಂಡ ಅಜ್ಜಿಯ ತಂಗಿ ಹೇಳಿದರು: "ಇದು ನಮ್ಮಕ್ಕನ ಕಥೆ ಅಲ್ಲಪ್ಪಾ. ಸೊಂಟದ ಮೇಲಿದ್ದ ಕೂಸು ನಮ್ಮಿಬ್ಬರ ಅಜ್ಜಿ. ನಡೆದೋರು ಅವರವ್ವ." ಆ ಅವ್ವನ ಹೆಸರು ತಂಗಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿರಬಹುದಾದವರು ನಮ್ಮಜ್ಜಿ ಒಬ್ಬರೇ, ಅವರು ಹೋಗಿ ವರ್ಷವಾಗಿತ್ತು. ಆಕೆ ನಡೆಯದಿದ್ದರೆ ನಮ್ಮ ವಂಶದ ಈ ಕವಲೇ ಇರುತ್ತಿರಲಿಲ್ಲ. ಅಂಥವರ ಹೆಸರು ಹೋಯಿತು, ಊರು ಹೋಯಿತು.

ಆದ್ದರಿಂದ ಇದೊಂದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನಿಮಗೆ ಸಿಗುವ ಪ್ರತಿ ಸಂಗತಿಯನ್ನೂ ಅಜ್ಜಿ ಕಂಡದ್ದು, ಅಜ್ಜಿ ಕೇಳಿದ್ದು ಅಂತ ಬೇರೆ ಮಾಡಿ. ನೋಟ್‌ಬುಕ್ಕಿನಲ್ಲಿ ಕಂಡದ್ದನ್ನು ನೀಲಿ ಶಾಯಿಯಲ್ಲಿ, ಕೇಳಿದ್ದನ್ನು ಕೆಂಪಿನಲ್ಲಿ ಬರೆಯಿರಿ, ಗೊತ್ತಾಗದ್ದನ್ನು ಪೆನ್ಸಿಲ್‌ನಲ್ಲಿ ಬಿಡಿ. ಹಿರಿಯರು "ನಾವು ಗಂಜಿ ಕುಡಿದು ಬದುಕಿದ್ವಿ" ಅನ್ನುವಾಗ ಆ ನಾವು ಅನ್ನುವುದರಲ್ಲಿ ಸತ್ತ ಮೂರು ತಲೆಮಾರೂ ಇರುತ್ತದೆ. ಗೊಂದಲ ಹುಟ್ಟುವುದೇ ಅಲ್ಲಿ. ಪರೀಕ್ಷೆ ಸುಲಭ. "ಆಗ ಅಜ್ಜಿ ಎಲ್ಲಿ ನಿಂತಿದ್ರು? ಪಕ್ಕದಲ್ಲಿ ಯಾರಿದ್ರು?" ಅಂತ ಕೇಳಿ. ಕಂಡದ್ದಾದರೆ ಬಾಗಿಲು, ಜಗಲಿ, ಕೈಯಲ್ಲಿದ್ದ ಪಾತ್ರೆ ಏನಾದರೊಂದು ಬರುತ್ತದೆ. ಕೇಳಿದ್ದಾದರೆ ಕಥೆ ಮಾತ್ರ ಬರುತ್ತದೆ, ಜಾಗ ಬರುವುದಿಲ್ಲ. ಕೇಳಿದ್ದು ಅಂತ ಗೊತ್ತಾದ ತಕ್ಷಣ ಮುಂದಿನ ಪ್ರಶ್ನೆ ಯಾರಿಂದ ಕೇಳಿದ್ದು, ಅವರ ಹೆಸರೇನು, ಅವರ ತವರು ಯಾವುದು ಅಂತ. ಅದನ್ನು ಅವತ್ತೇ ಬರೆದುಕೊಳ್ಳಿ.

ಇಸವಿ ಕಂಡುಹಿಡಿಯೋದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಆಧಾರ್ ನಂಬಬೇಡಿ. ಜನವರಿ 1 ಅಂತಿದ್ದರೆ ಅದು ಬಹುತೇಕ ಅಂದಾಜಿಗೆ ಬರೆದದ್ದು, ಪಿಂಚಣಿಗಾಗಿ ವಯಸ್ಸು ಏರಿಸಿದ್ದೂ ಇರುತ್ತದೆ. ಸಂವತ್ಸರ ಗೊತ್ತಿದ್ದರೆ ಮೊದಲನೆಯದಾದ ಪ್ರಭವದಿಂದ ಅದು ಎಷ್ಟನೆಯದು ಅಂತ ಎಣಿಸಿ 1926 ಕೂಡಿಸಿ. ಧಾತು ಹತ್ತನೆಯದು, 1936. ಸರ್ವಜಿತು ಇಪ್ಪತ್ತೊಂದನೆಯದು, 1947. ಬಹಳ ಜನ ತಪ್ಪೋದು ಇಲ್ಲಿ: ಸಂವತ್ಸರ ಯುಗಾದಿಯಿಂದ ಯುಗಾದಿಗೆ, ಜನವರಿಯಿಂದ ಅಲ್ಲ. ಮಾಘ, ಫಾಲ್ಗುಣದಲ್ಲಿ ಹುಟ್ಟಿದ್ದರೆ ಇನ್ನೊಂದು ಕೂಡಿಸಬೇಕು. ಮಾರ್ಗಶಿರದ ಕೊನೆಯೋ ಪುಷ್ಯವೋ ಆದರೆ ಹಳೇ ಪಂಚಾಂಗ ನೋಡದೆ ಹೇಳಲಾಗದು. ನಮ್ಮಜ್ಜಿ ಹುಟ್ಟಿದ್ದು 1937ರಲ್ಲಿ, 36ರಲ್ಲಲ್ಲ.

ಸಂವತ್ಸರವೂ ಗೊತ್ತಿಲ್ಲದಿದ್ದರೆ ನಮ್ಮ ಸೀಮೆಯ ಗುರುತುಗಳನ್ನು ಹಿಡಿಯಿರಿ. ಇದಕ್ಕೆ ಮುಂಚೆಯೋ ಆಮೇಲೋ ಅಂತ ಮಾತ್ರ ಕೇಳಿ, ಯಾವ ವರ್ಷ ಅಂತ ಕೇಳಬೇಡಿ. ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಸ್ವಾತಂತ್ರ್ಯ ಚಳವಳಿಯವರ ಮೇಲೆ ಗೋಲಿಬಾರ್ ಆದದ್ದು 1938ರ ಏಪ್ರಿಲ್ 25. ಆಣೆ ಲೆಕ್ಕ ಹೋಗಿ ಹೊಸ ಪೈಸೆ ಬಂದದ್ದು 1957ರ ಏಪ್ರಿಲ್ 1. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ತೀರಿಕೊಂಡದ್ದು 1962, ಚೀನಾ ಯುದ್ಧವೂ ಅದೇ ವರ್ಷ. ಹುಳು ಸಾಕುವ ಮನೆಯಾದರೆ ಇವೆಲ್ಲಕ್ಕಿಂತ ಗಟ್ಟಿ ಗುರುತು ಊಜಿ ನೊಣ, ರೇಷ್ಮೆ ಹುಳುವಿನ ಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ನೊಣ. ಅದು ಕರ್ನಾಟಕಕ್ಕೆ ಕಾಲಿಟ್ಟದ್ದು 1980ರಲ್ಲಿ. ಹುಳು ಮನೆಯ ಕಿಟಕಿಗೆ ಬಲೆ ಹೊಡೆದದ್ದು ಆಮೇಲೆ. ಮೊಮ್ಮಗ ಹುಟ್ಟಿದ್ದು ಬಲೆ ಹೊಡೆಯೋಕೆ ಮುಂಚೆ ಅಂತ ಯಾರಾದರೂ ಹೇಳಿದರೆ ಅದು ಕಾಗದಕ್ಕಿಂತ ನಂಬಿಕಸ್ಥ. ಹಣದ ಲೆಕ್ಕದಲ್ಲಿ ಮಾತ್ರ ಎಚ್ಚರ. ನಾಲ್ಕಾಣೆ, ಎಂಟಾಣೆ ಅಂದದ್ದರಿಂದ ಏನೂ ಗೊತ್ತಾಗದು, 25 ಪೈಸೆಯನ್ನು ಅದು ಚಲಾವಣೆಯಲ್ಲಿದ್ದ 2011ರವರೆಗೂ ಜನ ನಾಲ್ಕಾಣೆ ಅಂದರು. "ಏಳಾಣೆ ಮೂರು ಕಾಸು" ಅಂತ ಬಿಡಿಸಿ ಹೇಳಿದರೆ ಅದು ಹಳೇ ಕಾಲದ ಲೆಕ್ಕವೇ.

ಇನ್ನು ಯಾರನ್ನು ಕೇಳಬೇಕು ಅನ್ನೋದು. ಎಲ್ಲರೂ ಮೊದಲು ಹೋಗೋದು ಹಿರಿಯ ಮಗನ ಹತ್ತಿರ. ನನ್ನ ಮಾತು ಕೇಳಿ, ಗಂಡುಮಕ್ಕಳನ್ನು ಕೊನೆಗೆ ಇಟ್ಟುಕೊಳ್ಳಿ. ಮಗನಿಗೆ ಅವರು ಅಮ್ಮ, ಅಷ್ಟೇ. ಅಜ್ಜಿ ಹುಡುಗಿಯಾಗಿದ್ದನ್ನು ಕಂಡವರು ತಂಗಿ, ತವರಿನ ನೆರೆಯವರು. ಸೊಸೆಯಾಗಿ ಬಂದಾಗಿನ ಅಳು, ನಗು, ಅತ್ತೆಯ ಬೈಗುಳ ಗೊತ್ತಿರೋದು ಓರಗಿತ್ತಿಗೆ, ನಾದಿನಿಗೆ. ಅವರಿಗೂ ಈಗ ಎಂಬತ್ತರ ಮೇಲಿರುತ್ತದೆ. ಈ ವಾರವೇ ಹೋಗಿ.

"ಅಜ್ಜಿ ಬಗ್ಗೆ ಹೇಳಿ" ಅಂದರೆ "ತುಂಬಾ ಒಳ್ಳೆಯೋರು, ಕಷ್ಟಜೀವಿ" ಅಂತ ಎರಡು ಮಾತಲ್ಲಿ ಮುಗಿಯುತ್ತದೆ. ಕೆಲಸದ ಮೂಲಕ ಕೇಳಿ. ನಮ್ಮಲ್ಲಿ ಬಾಗಿಲು ತೆರೆದದ್ದು ಹುಳುವಿನ ಲೆಕ್ಕ. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಎದ್ದ ಮೇಲೆ ಒಟ್ಟು ಹಿಪ್ಪುನೇರಳೆ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚನ್ನು ಆ ಕೊನೆಯ ದಿನಗಳಲ್ಲೇ ತಿನ್ನುತ್ತದೆ. ರಾತ್ರಿಯೂ ಎದ್ದು ಹಾಕಬೇಕು. "ಆ ರಾತ್ರಿ ಸೊಪ್ಪು ಹಾಕೋಕೆ ಯಾರು ಏಳೋರು? ಮಗು ಯಾರ ಹತ್ರ ಮಲಗೋದು? ಹಣ್ಣಾದ ಹುಳು ಆರಿಸಿ ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡುವಾಗ ಊಟ ಯಾರು ಮಾಡೋರು? ಶಿಡ್ಲಘಟ್ಟದಲ್ಲಿ ಗೂಡು ಮಾರಿದ ದುಡ್ಡು ಯಾರ ಕೈಗೆ ಬರೋದು?" ಇಷ್ಟು ಕೇಳಿದರೆ ಓರಗಿತ್ತಿ ನಿಲ್ಲಿಸುವುದೇ ಇಲ್ಲ. ನಿಮ್ಮಜ್ಜಿ ರಾಗಿ ಹೊಲದವರಾದರೆ ಕಣ, ಗುಡಾಣ, ಬೀಸುವ ಕಲ್ಲು ಹಿಡಿದು ಕೇಳಿ. ಧಾನ್ಯದ ಅಳತೆಯಲ್ಲಿ ಖಂಡುಗಕ್ಕೆ 20 ಕೊಳಗ ಸರಿ, ಆದರೆ ಕೊಳಗಕ್ಕೆ ಎಷ್ಟು ಸೇರು ಅನ್ನೋದು ಊರೂರಿಗೆ ಬೇರೆ, ಆ ಊರಿನವರನ್ನೇ ಕೇಳಿ ಬರೆಯಿರಿ.

ರೆಕಾರ್ಡ್ ಮಾಡುವಾಗ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಿಸಿದ ಟವೆಲ್ ಮೇಲೆ, ಬಾಯಿಂದ ಒಂದೆರಡು ಗೇಣು ದೂರದಲ್ಲಿ ಇಡಿ. ಬರೀ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೆಲ್ಲ ಸಿಡಿದಂತೆ ಬರುತ್ತದೆ. ಫ್ಯಾನ್ ಆರಿಸಿ. ಅರ್ಧ ಗಂಟೆಗಿಂತ ಹೆಚ್ಚು ಕೂರಿಸಬೇಡಿ. ನಮ್ಮ ಕಡೆ ಮಾತಿನ ನಡುವೆ ತೆಲುಗು ಬರುತ್ತದೆ, ಅದನ್ನು ತಿದ್ದಿ ಪುಸ್ತಕದ ಕನ್ನಡ ಮಾಡಬೇಡಿ.

ಗಾಜಿಗೆ ಅಂಟಿಕೊಂಡ ಹಳೇ ಫೋಟೊ ಕೀಳಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಮೇಲಿನ ಕುಂಕುಮ ಒರೆಸಿ, ಮೇಲಿಂದಲೇ ಓರೆ ಬೆಳಕಿನಲ್ಲಿ ಅದರ ಫೋಟೊ ಹೊಡೆಯಿರಿ. ಬಿಡಿ ಫೋಟೊಗಳನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಹಿಂದೆ ಹೆಸರನ್ನು ಮೆತ್ತನೆಯ ಪೆನ್ಸಿಲ್‌ನಲ್ಲಿ ಬರೆಯಿರಿ, ಬಾಲ್ ಪೆನ್ನಿನ ಒತ್ತು ಮುಂದೆ ಮೂಡುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊ ಆಗಿ ಕಳಿಸಿದರೆ ವಿವರ ಹೋಗುತ್ತದೆ.

ಹುಟ್ಟಿನಿಂದ ಸಾವಿನವರೆಗಿನ ಕ್ರಮ ಬೇಡ ಅನ್ನುತ್ತೇನೆ. ತವರು, ಅತ್ತೆಮನೆ, ಅವರೇ ಯಜಮಾನಿಯಾದ ಮನೆ, ಹೀಗೆ ಮನೆಗಳ ಲೆಕ್ಕದಲ್ಲಿ ಬರೆಯಿರಿ. ಇಸವಿ ಸಿಕ್ಕಲ್ಲಿ ಹಾಕಿ, ಸಿಗದಲ್ಲಿ "ಹೊಸ ಪೈಸೆ ಬರೋಕೆ ಮುಂಚೆ" ಅಂತ ಬಿಡಿ. ವರ್ಷದ ತಿಥಿಯ ಗಡುವನ್ನೂ ಬಿಡಿ. ತಿಥಿಗೆ ಒಂದು ಹಾಳೆಯ ವಂಶವೃಕ್ಷ, ಗೊತ್ತಿಲ್ಲದ ಹೆಸರಿನ ಜಾಗ ಖಾಲಿ ಬಿಟ್ಟು, ನೆಂಟರಿಗೆಲ್ಲ ಪೆನ್ಸಿಲ್ ಸಮೇತ ಹಂಚಿ. ಮಧ್ಯಾಹ್ನ ಊಟವಾದ ಮೇಲೆ ವಾಪಸ್ ಇಸ್ಕೊಳ್ಳಿ. ಅಷ್ಟು ಜನ ಒಟ್ಟಿಗೆ ಸೇರೋದು ಅವತ್ತೇ, ಒಬ್ಬರು ಮರೆತದ್ದನ್ನು ಇನ್ನೊಬ್ಬರು ತುಂಬಿರುತ್ತಾರೆ. ಪುಸ್ತಕ ಆಮೇಲೆ ಮಾಡಿ. ಅಚ್ಚಿಗೆ ಕೊಡೋಕೆ ಮುಂಚೆ ಪೂರ್ತಿ ಕರಡನ್ನು ಅಜ್ಜಿಯ ತಂಗಿಗೋ ಓರಗಿತ್ತಿಗೋ ಗಟ್ಟಿಯಾಗಿ ಓದಿ ಹೇಳಿ, ಅವರು ಅಲ್ಲ ಅಂದ ಸಾಲನ್ನು ಯಾರು ಎಷ್ಟೇ ಒತ್ತಾಯ ಮಾಡಿದರೂ ಉಳಿಸಬೇಡಿ.