ಗಂಡನ ಗೀಳು, ಹೆಂಡತಿಯ ನಿದ್ದೆ

ಪ್ರಶ್ನೆ: ನನ್ನ ಪತಿ ಹಾಲಿನ ಪ್ಯಾಕೆಟ್ಟನ್ನೂ ಸಾಬೂನು ಹಾಕಿ ತೊಳೆಸುತ್ತಾರೆ, ಗ್ಯಾಸ್ ಆರಿಸಿದೆಯೇ ಎಂದು ರಾತ್ರಿಯಿಡೀ ಕೇಳುತ್ತಾರೆ. ವೈದ್ಯರ ಹೆಸರೆತ್ತಿದರೆ ಸಿಡುಕುತ್ತಾರೆ. ಏನು ಮಾಡಲಿ? – ಓದುಗರು, ಉಡುಪಿ

ಉತ್ತರ: ಇದು ಒಸಿಡಿ, ಅಂದರೆ ಗೀಳು ಕಾಯಿಲೆಯನ್ನು ಹೋಲುತ್ತದೆ, ಖಚಿತಪಡಿಸಬೇಕಾದವರು ಮನೋವೈದ್ಯರು. ಪ್ರತಿ ಬಾರಿ ನೀವು ‘ಆರಿಸಿದ್ದೇನೆ’ ಎಂದು ಭರವಸೆ ಕೊಟ್ಟಾಗ ಅವರ ಆತಂಕ ಕ್ಷಣಕಾಲ ತಗ್ಗಿದರೂ ಗೀಳು ಇನ್ನಷ್ಟು ಬೇರೂರುತ್ತದೆ. ಹಾಗೆಂದು ಏಕಾಏಕಿ ನಿಲ್ಲಿಸಿದರೆ ಜಗಳವೇ ಗತಿಯಾದ್ದರಿಂದ, ಅವರು ಶಾಂತವಾಗಿರುವಾಗ ಮಾತನಾಡಿ, ಒಮ್ಮೆ ಮಾತ್ರ ಉತ್ತರಿಸುವುದಾಗಿ ಒಪ್ಪಂದ ಮಾಡಿಕೊಳ್ಳಿ. ‘ನಿಮಗೆ ಹುಚ್ಚು’ ಎಂಬ ಧಾಟಿ ಬೇಡ, ನೆಂಟರೆದುರಂತೂ ಬೇಡವೇ ಬೇಡ. ನಿದ್ದೆಗೇಡಿನ ನೆಪದಲ್ಲಾದರೂ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ. ಭಯವನ್ನು ಹಂತಹಂತವಾಗಿ ಎದುರಿಸಿ, ತೊಳೆಯದೇ ಇರಲು ಕಲಿಸುವ ಚಿಕಿತ್ಸೆಯೂ ಗೀಳು, ಆತಂಕ ತಗ್ಗಿಸುವ ಎಸ್‌ಎಸ್‌ಆರ್‌ಐ ಔಷಧಗಳೂ ಇದಕ್ಕಿವೆ. ಅವರು ಒಪ್ಪದಿದ್ದರೂ ನೀವೊಬ್ಬರೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಉಚಿತ ಸಲಹೆ ಪಡೆಯಬಹುದು.